ತಪಾಸಣೆಯ ದಿನ ದೇವರ ದರ್ಶನ

ನಮ್ಮ ವೃದ್ಧಾಶ್ರಮಕ್ಕೆ ತಪಾಸಣೆಯವರು ಬರುವ ದಿನ, ಹಾಸಿಗೆ ಹಿಡಿದ ಮುದುಕರಿಗೆ ದೇವರ ದರ್ಶನದ ಯೋಗ ಕೂಡಿ ಬರುತ್ತದೆ. ನಡೆದಾಡುವವರು, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವವರು ತಲೆ ಬಾಚಿಕೊಂಡು, ಒಗೆದ ಬಟ್ಟೆ ತೊಟ್ಟು ವರಾಂಡದಲ್ಲಿ ಸಾಲಾಗಿ ಕೂರುತ್ತಾರೆ. ಏಳಲಾಗದವರನ್ನು, ಮಾತು ನಿಂತವರನ್ನು, ಬಾಯಿಗೆ ಬಂದದ್ದು ಆಡುವವರನ್ನು ಕ್ರೂಸರ್ ಗಾಡಿಗೆ ತುಂಬಿ ದೇವಸುಗೂರಿಗೆ ಕಳಿಸುತ್ತಾರೆ. ಸೂಗೂರೇಶ್ವರನ ಗುಡಿಯಿಂದ ಒಂದಿಷ್ಟು ದೂರ ಮರದ ನೆರಳಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುವುದು, ಬಂದವರು ಹೋದರೆಂದು ಫೋನ್ ಬಂದ ಮೇಲೆ ವಾಪಸು ಹೊರಡುವುದು, ಇಷ್ಟೇ ಕೆಲಸ. ಇದುವರೆಗೂ ಒಬ್ಬರನ್ನೂ ಗುಡಿಯ ಮುಂದೆ ಇಳಿಸಿಲ್ಲ. ಇಳಿಸಲು ಬರುವಂಥವರಾಗಿದ್ದರೆ ಅವರನ್ನು ಕಳಿಸುತ್ತಲೇ ಇರಲಿಲ್ಲ.

ಈ ಉಪಾಯ ನಮ್ಮ ಮ್ಯಾನೇಜರ್ ಅಮರೇಶ ಸರ್ ಅವರದು. ಮೊದಲ ಸಲ ಹೀಗೆ ಮಾಡಿದಾಗ ನನಗೆ ಅಸಹ್ಯವಾಗಿತ್ತು. ಎರಡನೆಯ ಸಲ ಸುಮ್ಮನಿದ್ದೆ. ಮೂರನೆಯ ಸಲ ಬುತ್ತಿ ಕಟ್ಟಿಕೊಂಡು ಹೋದೆ. ಮನುಷ್ಯ ಹೀಗೇ ಕೆಡುತ್ತಾನೆ, ಯಾರೂ ಕೆಡಿಸಬೇಕಾಗಿಲ್ಲ.

ನಾನು ದುರ್ಗಾ. ಮಾನ್ವಿಯವಳು. ಐದು ವರ್ಷದಿಂದ ರಾಯಚೂರಿನ ಈ ಆಶ್ರಮದಲ್ಲಿ ಆಯಾ. ಹೊರಗಿನವರು ಬಂದಾಗ ನಮ್ಮನ್ನು ಸಿಸ್ಟರ್ ಎನ್ನುತ್ತಾರೆ, ಅವರು ಗೇಟು ದಾಟಿದ ಮೇಲೆ ಏ ದುರ್ಗಾ. ಕಟ್ಟಡ ಮೊದಲು ಫಂಕ್ಷನ್ ಹಾಲ್ ಆಗಿತ್ತು. ಮದುವೆ ಊಟಕ್ಕೆ ಎಲೆ ಹಾಕುತ್ತಿದ್ದ ಜಾಗದಲ್ಲಿ ಈಗ ಮೂವತ್ತೆಂಟು ಮಂಚ. ಹಗಲಿಗೆ ಮೂವರು ಆಯಾಗಳಿದ್ದೆವು. ಕಲ್ಯಾಣಿ ಕೆಲಸ ಬಿಟ್ಟು ಹೋದ ಮೇಲೆ ಅವಳ ಪಾಲಿನ ಮಂಚಗಳೂ ನನ್ನ ಕೊರಳಿಗೆ ಬಿದ್ದವು. ಅದರಲ್ಲಿ ಬೂದೆಮ್ಮನ ಮಂಚವೂ ಒಂದು.

ಬೂದೆಮ್ಮ ಗಬ್ಬೂರಿನ ಕಡೆಯ ಕುರಿಗಾರರ ಮನೆತನದವಳು. ಗಂಡ ಮಕ್ಕಳಿಲ್ಲ. ಎಪ್ಪತ್ತು ದಾಟುವ ತನಕ ತಮ್ಮ ಪರಮಣ್ಣನ ಜೊತೆ ಕುರಿ ಹಿಂಡಿನ ಹಿಂದೆ ಊರೂರು ನಡೆದವಳು. ಹೋದ ವರ್ಷ ಬಿದ್ದು ಎಡ ಸೊಂಟ ಮುರಿಯಿತು. ಹಿಂಡು ಒಂದು ಕಡೆ ನಿಲ್ಲುವಂಥದ್ದಲ್ಲ, ಹೊತ್ತುಕೊಂಡು ತಿರುಗಲು ಬರುವುದಿಲ್ಲ. ಪರಮಣ್ಣ ಅಕ್ಕನನ್ನು ತಂದು ಇಲ್ಲಿ ಬಿಟ್ಟ. ಬಿಡುವಾಗ ಹೊಸ ಕರಿ ಕಂಬಳಿಯೊಂದನ್ನು ತಂದು ತಾನೇ ಮಂಚದ ಮೇಲೆ ಹಾಸಿದ. ಅವಳಿಗೆ ಅದರ ಹೊರತು ಬೇರೆ ಹಾಸಿಗೆ ಆಗುತ್ತಿರಲಿಲ್ಲ, ತೆಗೆಯಲು ಹೋದರೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

ನಿಜ ಹೇಳುತ್ತೇನೆ, ಆ ಕಂಬಳಿ ನಮಗೂ ಅನುಕೂಲವೇ ಆಗಿತ್ತು. ಬಿಳಿ ಚಾದರಕ್ಕೆ ಕಲೆ ಬಿದ್ದರೆ ಎದ್ದು ಕಾಣುತ್ತದೆ, ಬದಲಿಸಬೇಕು, ಒಗೆಯಬೇಕು. ಕರಿ ಕಂಬಳಿಯಲ್ಲಿ ಏನೂ ಕಾಣುವುದಿಲ್ಲ.

ಎಡ ಸೊಂಟ ಮುರಿದವಳು ಯಾವಾಗಲೂ ಬಲ ಮಗ್ಗುಲಿಗೇ ಮಲಗುತ್ತಿದ್ದಳು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಬದಲಿಸಿದಾಗ ಮೈ ನೋಡಬೇಕು, ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ನಾನು ಮೊದಲ ದಿನ ಎಡಕ್ಕೆ ಹೊಳ್ಳಿಸಲು ಹೋದಾಗ ಮುದುಕಿ ಹಲ್ಲು ಕಚ್ಚಿ ನರಳಿದಳು. ಪಾಪ ಎನಿಸಿತು, ಬಿಟ್ಟುಬಿಟ್ಟೆ. ಮರುದಿನವೂ ಪಾಪ ಎನಿಸಿತು. ಹಿಂದಿನಿಂದಲೇ ಒರೆಸಿ, ಹಿಂದಿನಿಂದಲೇ ಬಟ್ಟೆ ಬದಲಿಸಿ ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ನನ್ನ ಸೋಮಾರಿತನಕ್ಕೆ ಕರುಣೆ ಎಂಬ ಹೆಸರಿಟ್ಟುಕೊಂಡಿದ್ದೆ. ಸಹಿಯನ್ನು ಮಾತ್ರ ಬೆಳಗ್ಗೆ ಎಂಟಕ್ಕೇ ಇಡೀ ದಿನದ್ದು ಒಟ್ಟಿಗೆ ಹಾಕುತ್ತಿದ್ದೆ. ನಾನೊಬ್ಬಳೇ ಅಲ್ಲ, ಎಲ್ಲರೂ ಹಾಗೇ ಹಾಕುತ್ತಿದ್ದೆವು. ಎಂಟು, ಹತ್ತು, ಹನ್ನೆರಡು, ಎರಡು, ನಾಲ್ಕು, ಆರು. ಸಹಿಯ ಪಕ್ಕದ ಅಂಕಣದಲ್ಲಿ 'ಚರ್ಮ ಸರಿ ಇದೆ' ಎಂದು ಬರೆಯಬೇಕಿತ್ತು, ಅದನ್ನೂ ಬರೆಯುತ್ತಿದ್ದೆವು.

ಮೇ ತಿಂಗಳ ಆ ದಿನ ಬೆಳಗ್ಗೆಯೂ ಬರೆದೆ. ಬರೆದು ಮುಗಿಸಿ ಪೆನ್ನು ಇಡುವಷ್ಟರಲ್ಲಿ ಅಮರೇಶ ಸರ್ ಬಂದರು.

"ಹನ್ನೊಂದಕ್ಕ ತಪಾಸಣಿ ಕಮಿಟಿ ಬರ್ತದ ದುರ್ಗಾ. ಬೂದೆಮ್ಮ, ಉರುಕುಂದಪ್ಪ, ಗೋಪಮ್ಮ, ಮೂರು ಮಂದೀನ ಕರಕೊಂಡು ಹೋಗು. ಸಂಜಿ ಐದರ ಮಟ ಊರೊಳಗ ಗಾಡಿ ಬರಬಾರದು."

"ಸರ್, ಬೂದೆಮ್ಮನ ಮೈ ಬಿಸಿ ಅದ. ನಿನ್ನಿಂದ ಗಂಜಿನೂ ಕುಡಿಯಾಕತ್ತಿಲ್ಲ."

"ಬ್ಯಾಸಗಿ ಅದ, ಎಲ್ಲಾರ ಮೈನೂ ಬಿಸಿನೇ ಇರ್ತದ. ಒಂದು ಗುಳಿಗಿ ಕೊಟ್ಟು ಹತ್ತಸು."

ಕೊಟ್ಟು ಹತ್ತಿಸಿದೆ. ಕಂಬಳಿಯ ನಾಲ್ಕು ಮೂಲೆ ಹಿಡಿದು, ಡ್ರೈವರ್ ಬಂದೇನವಾಜ್ ಭಾಯಿ ಮತ್ತು ನಾನು ಬೂದೆಮ್ಮನನ್ನು ಎತ್ತಿ ಗಾಡಿಯ ಹಿಂದಿನ ಉದ್ದ ಸೀಟಿನ ಮೇಲೆ ಇಟ್ಟೆವು. ನನ್ನ ಬೆರಳಿಗೆ ಕಂಬಳಿಯ ತೇವ ತಾಗಿತು. ಸೀರೆಗೆ ಒರೆಸಿಕೊಂಡೆ. ಎದುರು ಸೀಟಿನಲ್ಲಿ ಲಕ್ವ ಹೊಡೆದು ಮಾತು ನಿಂತ ಉರುಕುಂದಪ್ಪನನ್ನು ಒರಗಿಸಿ ಸೊಂಟಕ್ಕೆ ಟವೆಲ್ ಕಟ್ಟಿದೆವು. ಅವನ ಪಕ್ಕ ಗೋಪಮ್ಮ. ಅವಳಿಗೆ ಕಾಲು ಚೆನ್ನಾಗಿವೆ, ನೆನಪು ಹೋಗಿದೆ. ಬಾಗಿಲು ಕಂಡರೆ ಇಳಿದು ನಡೆದುಬಿಡುತ್ತಾಳೆ. ಅದಕ್ಕೇ ಗಾಡಿಯ ಹಿಂದಿನ ಬಾಗಿಲನ್ನು ಹೊರಗಿನಿಂದ ಚಿಲಕ ಹಾಕುವುದು ಭಾಯಿಗೆ ರೂಢಿ.

ಶಕ್ತಿನಗರ ದಾಟುವಾಗ ರಸ್ತೆಗೆ ಅಡ್ಡ ಒಂದು ಹಂಪು ಬಂತು. ಭಾಯಿ ನೋಡಲಿಲ್ಲ, ಗಾಡಿ ಎಗರಿ ಬಿತ್ತು. ಬೂದೆಮ್ಮ ಸೀಟಿನಿಂದ ಜಾರತೊಡಗಿದಳು. ನಾನು ಎರಡೂ ಕೈ ಒಡ್ಡಿ ತಡೆದು, ಎದೆಗೊತ್ತಿ ಹಿಡಿದು, ಮೊದಲ ಸಲ ಅವಳನ್ನು ಎಡ ಮಗ್ಗುಲಿಗೆ ಹೊಳ್ಳಿಸಿದೆ. ಅವಳು ನರಳಲಿಲ್ಲ. ಅದೇ ನನಗೆ ಮೊದಲು ಹೆದರಿಕೆ ತಂದದ್ದು.

ಆಮೇಲೆ ವಾಸನೆ ಬಂತು. ಆಶ್ರಮದಲ್ಲಿ ಫಿನಾಯಿಲ್ ಘಾಟಿನಲ್ಲಿ ಮುಚ್ಚಿಹೋಗಿದ್ದ ವಾಸನೆ ಗಾಡಿಯೊಳಗೆ ಮುಖಕ್ಕೆ ಹೊಡೆಯಿತು. ಸೀರೆ ಸರಿಸಿ ನೋಡಿದೆ. ಬಲ ಸೊಂಟದ ಮೇಲೆ ನನ್ನ ಅಂಗೈ ಅಗಲದ ಗಾಯ, ಸುತ್ತಲೂ ಕಪ್ಪಗಾದ ಚರ್ಮ, ನಡುವೆ ಬೆಳ್ಳಗೆ ಕಾಣುತ್ತಿದ್ದದ್ದು ಎಲುಬು. ಕಂಬಳಿಯ ಕೂದಲು ಗಾಯಕ್ಕೆ ಅಂಟಿಕೊಂಡಿತ್ತು.

ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು. 'ಚರ್ಮ ಸರಿ ಇದೆ' ಎಂದು ನಾನೇ ಬರೆದು ಬಂದು ಇನ್ನೂ ನಾಲ್ಕು ತಾಸು ಆಗಿರಲಿಲ್ಲ.

ದೇವಸುಗೂರಿನಲ್ಲಿ ಗಾಡಿ ನಿಂತ ಕೂಡಲೇ ಅಮರೇಶ ಸರ್‌ಗೆ ಫೋನ್ ಹಚ್ಚಿದೆ. ಅವರು ದನಿ ತಗ್ಗಿಸಿ ಮಾತಾಡಿದರು.

"ಕಮಿಟಿಯವರು ಒಳಗ ಅದಾರ. ಏನು ಹೇಳೂದು ಲಗೂನ ಹೇಳು."

"ಬೂದೆಮ್ಮಗ ಸೊಂಟದ ಮ್ಯಾಲೆ ಗಾಯ ಆಗ್ಯಾದ ಸರ್, ಎಲುಬು ಕಾಣಾಕತ್ತದ. ಕರದ್ರ ಓ ಅನ್ನವಲ್ಲಳು. ಸೀದಾ ದವಾಖಾನಿಗೆ ಒಯ್ತೀನಿ."

"ಯಾ ದವಾಖಾನಿಗೂ ಬ್ಯಾಡ. ಅಲ್ಲಿ ಕೇಸ್ ಮಾಡ್ತಾರ. ಐದರ ಮ್ಯಾಲೆ ಬಾ, ನಮ್ಮ ಡಾಕ್ಟರ್‌ನ ಕರಸ್ತೀನಿ."

"ಐದರ ತನಕ ಉಳಿಯಂಗಿಲ್ಲ ಸರ್."

ಅವರು ಬಹಳ ಸಮಾಧಾನದಿಂದ ಹೇಳಿದರು.

"ಪುಸ್ತಕದಾಗ ಸಹಿ ನಿಂದದ ದುರ್ಗಾ. ನಂದಲ್ಲ. ಮುದುಕಿ ಮೈ ಇವತ್ತು ಬೆಳಿಗ್ಗಿ ಸರಿ ಇತ್ತಂತ ನೀನ ಬರದೀದಿ. ನಾಳೆ ಪೊಲೀಸರು ಬಂದ್ರ ಯಾರನ್ನ ಒಯ್ತಾರ ಅನ್ನೂದು ವಿಚಾರ ಮಾಡು."

ಫೋನ್ ಕಟ್ಟಾಯಿತು. ಆ ಮನುಷ್ಯನ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚಾಗಿ ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ ಎಂಬ ಸಿಟ್ಟು. ಮನೆಯಲ್ಲಿ ನನ್ನ ದುಡಿಮೆಯೊಂದೇ. ಮಗಳು ದುಡ್ಡಿಲ್ಲದೆ ಶಾಲೆ ಬಿಡುವಂತಾದರೆ, ನಾನು ಜೈಲಿಗೆ ಹೋದರೆ, ಜನ ಏನಂದಾರು, ಇವೆಲ್ಲ ಆ ಬಿಸಿಲಲ್ಲಿ ನಿಂತು ಯೋಚಿಸಿದೆ. ಯೋಚಿಸಿದೆ ಎಂದು ಹೇಳಲು ನಾಚಿಕೆಯಿಲ್ಲ. ಯೋಚಿಸುತ್ತಾ ಕಳೆದ ಆ ಹೊತ್ತಿಗೆ ಮಾತ್ರ ನಾಚಿಕೆಯಾಗುತ್ತದೆ.

ಬಂದೇನವಾಜ್ ಭಾಯಿ ಕೆಳಗಿಳಿದು ಬೀಡಿ ಹಚ್ಚಿಕೊಂಡಿದ್ದ. ನನ್ನ ಮುಖ ನೋಡಿ ಆರಿಸಿದ.

"ಏನಂದ್ರು ಸಾಬ್?"

"ಐದರ ತನಕ ಇಲ್ಲೇ ಕುಂದರಬೇಕಂತ."

ಅವನು ಕಿಟಕಿಯಿಂದ ಬೂದೆಮ್ಮನನ್ನು ನೋಡಿದ. "ನಾ ಏನ್ ಹೇಳ್ಲಿ ದುರ್ಗಮ್ಮ. ಗಾಡಿ ಅವರದು, ನೌಕ್ರಿ ಅವರದು," ಎಂದು ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತ.

ನಾನು ಒಳಗೆ ಹೋಗಿ ಬೂದೆಮ್ಮನ ತುಟಿಗೆ ನೀರು ಹಚ್ಚಿದೆ. ನೀರು ಒಳಗೆ ಹೋಗದೆ ಕೆನ್ನೆಯ ಮೇಲೆ ಹರಿಯಿತು. ಮಣಿಕಟ್ಟು ಹಿಡಿದೆ. ನಾಡಿ ಸಿಕ್ಕಿತು, ತಪ್ಪಿತು, ಮತ್ತೆ ಸಿಕ್ಕಿತು. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಅಮರೇಶ ಸರ್ ಇರಬಹುದೆಂದು ನೋಡಿದರೆ, ಪರಮಣ್ಣ.

ಅವನ ಹಿಂಡು ಆಗ ಮಟಮಾರಿಯ ಕಡೆ ಹೊಲಗಳಲ್ಲಿ ತಂಗಿತ್ತು. ಅಮಾವಾಸ್ಯೆಗೊಮ್ಮೆ ತಪ್ಪದೆ ಅಕ್ಕನನ್ನು ನೋಡಲು ಬರುತ್ತಿದ್ದ. ಅವತ್ತು ಅಮಾವಾಸ್ಯೆ ಎಂಬುದು ಅಮರೇಶ ಸರ್‌ಗೂ ನೆನಪಿರಲಿಲ್ಲ, ನನಗೂ ಇರಲಿಲ್ಲ.

"ಯವ್ವಾ ದುರ್ಗವ್ವ, ನಾ ಪರಮಣ್ಣ. ಆಶ್ರಮಕ್ಕ ಬಂದೀನಿ ನೋಡು. ಅಕ್ಕನ್ನ ದೇವಸುಗೂರಿಗೆ ಕರಕೊಂಡು ಹೋಗೀರಂತಲ್ಲ." ಅವನ ದನಿಯಲ್ಲಿ ಸಂತೋಷ ತುಂಬಿತ್ತು. "ಭಾಳ ಪುಣ್ಯ ಬರ್ತದ ನಿಮಗ. ನನ್ನ ಕೈಲೆ ಆಗಲಾರದ್ದು ನೀವು ಮಾಡೀರಿ. ಇಲ್ಲಿ ಯಾರೋ ಸಾಹೇಬರು ಬಂದಾರ, ಆಶ್ರಮ ಹ್ಯಾಂಗ ಅದ ಅಂತ ನನ್ನ ಕೇಳಿದ್ರು. ನಮ್ಮಕ್ಕನ್ನ ದೇವರಂಗ ನೋಡ್ತಾರಂತ ಹೇಳೀನಿ."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅಕ್ಕನ ಕೈಯಾಗ ಫೋನ್ ಕೊಡವ್ವ, ಒಂದು ಮಾತು ಆಡ್ತೀನಿ."

"ಯಪ್ಪಾ," ಎಂದೆ, "ಆ ಸಾಹೇಬರು ಅಲ್ಲೇ ಅದಾರೇನು?"

"ಇಲ್ಲೇ ಅದಾರ, ಒಬ್ಬಾಕಿ ಮೇಡಂ ನನ್ನ ಬಾಜೂಕ ನಿಂತಾರ. ಯಾಕವ್ವ?"

"ಫೋನ್ ಆ ಮೇಡಂ ಕೈಯಾಗ ಕೊಡು. ನಾ ಏನು ಹೇಳ್ತೀನಿ ನೀನೂ ಕೇಳು. ಮ್ಯಾನೇಜರ್ ಕೇಳಿದ್ರ ಕೊಡಬ್ಯಾಡ."

ಆ ಹೆಂಗಸಿನ ಹೆಸರು ಮಂಜುಳಾ ಎಂದು ಆಮೇಲೆ ತಿಳಿಯಿತು. ಹಲೋ ಎಂದರು. ನಾನು ಸ್ಪೀಕರ್ ಹಾಕಲು ಹೇಳಿ, ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿಬಿಟ್ಟೆ.

"ಮೇಡಂ, ನಾ ದುರ್ಗಾ, ಅಲ್ಲಿ ಆಯಾ. ನೀವು ಬರ್ತೀರಂತ ಮೂರು ಮಂದೀನ ಗಾಡಿಯಾಗ ಹಾಕಿ ದೇವಸುಗೂರಿಗೆ ಕಳಿಸ್ಯಾರ. ಒಬ್ಬಾಕಿ ಬೂದೆಮ್ಮ, ಇದೇ ಪರಮಣ್ಣನ ಅಕ್ಕ. ಸೊಂಟದ ಮ್ಯಾಲೆ ಗಾಯ ಆಗಿ ಎಲುಬು ಕಾಣಾಕತ್ತದ, ಎಚ್ಚರಿಲ್ಲ. ನಿಮ್ಮ ಮುಂದ ಮಗ್ಗಲಾ ಬದಲಿಸೋ ಪುಸ್ತಕ ಇಟ್ಟಿರ್ತಾರ. ಇವತ್ತಿನ ಪುಟ ತಗದು ನೋಡ್ರಿ. ಸಂಜಿ ಆರರ ತನಕ ಸಹಿ ಅದ. ಈಗ ಹನ್ನೆರಡೂವರಿ. ಆ ಸಹಿ ನಾನ ಹಾಕೀನಿ. ಎಲ್ಲಾ ಸುಳ್ಳ."

ಆ ಕಡೆ ಕಾಗದ ಮಗುಚುವ ಸದ್ದು. ಅಮರೇಶ ಸರ್ ಏನೋ ಹೇಳುತ್ತಿದ್ದರು, "ಆಕೀಗೆ ತಲಿ ಸರಿ ಇಲ್ಲ ಮೇಡಂ" ಎಂಬುದು ಕೇಳಿತು. ಮೇಡಂ ನೇರವಾಗಿ ನನಗೆ ಹೇಳಿದರು.

"ಸಣ್ಣ ದವಾಖಾನಿಗೆ ಹೋಗಿ ಹೊತ್ತು ಕಳೀಬ್ಯಾಡ. ಸೀದಾ ರಾಯಚೂರಿನ ದೊಡ್ಡ ದವಾಖಾನಿಗೆ ತಗೊಂಡು ಬಾ. ನಾವೂ ಅಲ್ಲಿಗೇ ಬರ್ತೀವಿ. ಗಾಯದ ಮ್ಯಾಲೆ ಏನೂ ಹಚ್ಚಬ್ಯಾಡ."

ನಾನು ಭಾಯಿಯತ್ತ ತಿರುಗುವ ಮೊದಲೇ ಗಾಡಿ ಸ್ಟಾರ್ಟ್ ಆಗಿತ್ತು. ಎಲ್ಲ ಕೇಳಿಸಿಕೊಂಡಿದ್ದ. "ಹೋದ್ರ ಹೋಗ್ಲಿ ನೌಕ್ರಿ," ಎಂದು ತನಗೆ ತಾನೇ ಅಂದುಕೊಂಡ, ಕೃಷ್ಣಾ ನದಿಯ ಕಡೆಗಿದ್ದ ಗಾಡಿಯ ಮುಖವನ್ನು ರಾಯಚೂರಿನ ಕಡೆ ತಿರುಗಿಸಿದ.

ಆ ದಾರಿ ಅರ್ಧ ತಾಸಿನದು. ನನಗೆ ಅರ್ಧ ದಿನದಷ್ಟಾಯಿತು. ಲಾರಿಗಳು ದಾರಿ ಬಿಡಲಿಲ್ಲ, ವಿದ್ಯುತ್ ಸ್ಥಾವರದ ಬೂದಿ ಹೊತ್ತ ಟ್ಯಾಂಕರೊಂದು ಮುಂದೆ ಹೋಗಲೂ ಬಿಡದೆ ಪಕ್ಕಕ್ಕೂ ಸರಿಯದೆ ಎರಡು ಕಿಲೋಮೀಟರು ಸತಾಯಿಸಿತು. ನಾನು ಬೂದೆಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳ ಕಿವಿಯಲ್ಲಿ ಏನೇನೋ ಹೇಳುತ್ತಿದ್ದೆ. ನಿನ್ನ ತಮ್ಮ ಬಂದಾನ ಯವ್ವಾ, ಅಲ್ಲೇ ಅದಾನ, ಇನ್ನೊಂದೀಟು ತಡಿ. ಗೋಪಮ್ಮ ಎದುರಿನಿಂದ ನನ್ನನ್ನೇ ನೋಡುತ್ತಾ, "ಯಾರ ಮಗಳವ್ವ ನೀ?" ಎಂದು ಮೂರು ಸಲ ಕೇಳಿದಳು. ಉರುಕುಂದಪ್ಪನ ಕತ್ತು ಗಾಡಿ ಕುಲುಕಿದಂತೆಲ್ಲ ಆ ಕಡೆ ಈ ಕಡೆ ವಾಲುತ್ತಿತ್ತು.

ದವಾಖಾನೆಯ ತುರ್ತು ವಿಭಾಗದ ಬಾಗಿಲಲ್ಲಿ ಸ್ಟ್ರೆಚರ್ ಸಿಕ್ಕಿತು. ಬೂದೆಮ್ಮನನ್ನು ಅದರ ಮೇಲೆ ಹಾಕಿಕೊಂಡು ಓಡಿದೆ. ಒಳಗೆ ವಾಹಿದಾ ಎಂಬ ನರ್ಸ್ ಸೀರೆ ಸರಿಸಿ ನೋಡಿ, ಡಾಕ್ಟರನ್ನು ಕೂಗಿದರು. ಡಾಕ್ಟರು ಬಂದರು. ಸಲಾಯಿನ್ ಹಚ್ಚಲು ಒಂದು ಕೈಯಲ್ಲಿ ನರ ಸಿಗಲಿಲ್ಲ, ಇನ್ನೊಂದು ಕೈಯಲ್ಲಿ ಸಿಕ್ಕಿತು.

"ರಕ್ತಕ್ಕ ನಂಜು ಏರ್ಯಾದ," ಎಂದರು ಡಾಕ್ಟರು. "ನೋಡಿಕೊಳ್ಳೋರು ಯಾರು ಈಕಿನ್ನ?"

"ನಾನ್ರೀ."

ಅವರು ನನ್ನ ಮುಖವನ್ನು ಒಮ್ಮೆ ನೋಡಿ ಕೆಲಸಕ್ಕೆ ತಿರುಗಿದರು. ಭಾಯಿ ಹೆಸರು ಬರೆಸಿ ಚೀಟಿ ಮಾಡಿಸಲು ಹೋಗಿ ಸಾಲಿನಲ್ಲಿ ನಿಂತ. ನಾನು ಗೋಡೆಗೆ ಒರಗಿ, ಆ ಸಲಾಯಿನ್ ಬಾಟಲಿಯ ಹನಿ ನೋಡುತ್ತಾ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಬಿ.ಪಿ. ಸ್ವಲ್ಪ ಏರಿತು ಎಂದು ವಾಹಿದಾ ಅಂದಾಗ ನನಗೆ ಅಳು ಬಂತು. ನಾನು ಒಳ್ಳೆಯ ಕೆಲಸ ಮಾಡಿದೆ ಎಂದು ಆ ಕ್ಷಣದಲ್ಲಿ ನನಗೆ ಅನಿಸಿತು. ಸುಳ್ಳು ಹೇಳುವುದಿಲ್ಲ, ಅನಿಸಿತು.

ಮಂಜುಳಾ ಮೇಡಂ ಅವರ ಜೀಪಿನಲ್ಲಿ ಪರಮಣ್ಣನೂ ಬಂದ. ತಲೆಗೆ ರುಮಾಲು, ಕಾಲಲ್ಲಿ ಸವೆದ ಕೆರವು. ಸೀದಾ ಅಕ್ಕನ ಬಳಿ ಹೋಗಿ ಹಣೆ ಮುಟ್ಟಿದ. ಗಾಯವನ್ನು ನೋಡಬೇಕೆಂದ. ವಾಹಿದಾ ಬೇಡವೆಂದರೂ ಬಿಡಲಿಲ್ಲ. ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ಬಂದ. ಅವನು ಹೊಡೆಯಲಿ ಎಂದುಕೊಂಡೆ.

"ನೀ ಆಕೀನ್ನ ಹೊಳ್ಳಿಸಿ ಕಡೀಕ ನೋಡಿದ್ದು ಯಾವಾಗವ್ವ?"

"ಹನ್ನೊಂದು ದಿನ ಆತು ಯಪ್ಪಾ. ಆಕಿ ಮಂಚ ನನ್ನ ಕಡೆ ಬಂದಾಗಿನಿಂದ ನೋಡಿಲ್ಲ."

ಅವನು ತಲೆಯಾಡಿಸಿದ, ಒಂದು ಲೆಕ್ಕ ಸರಿಯಾಯಿತು ಎಂಬಂತೆ.

"ನಮ್ಮಲ್ಲಿ ಮುನ್ನೂರು ಕುರಿ ಅದಾವ. ದಿನಾ ಸಂಜಿಮುಂದ ಒಂದೊಂದರ ಮೈಮ್ಯಾಲೂ ಕೈಯಾಡಿಸಿ ನೋಡಿ ಹಟ್ಟಿಗೆ ಬಿಡ್ತೀವಿ. ಗಾಯ ಆಗಿದ್ರ ಅವಕ್ಕ ಹೇಳಾಕ ಬಾಯಿಲ್ಲಲ್ಲ." ಅವನ ದನಿ ಏರಲಿಲ್ಲ. "ಆಶ್ರಮದಾಗ ಮನಷ್ಯಾರು ಅದಾರಂತ ನಾ ಆಕಿ ಮೈ ನೋಡದ ಹೋಗ್ತಿದ್ನಿ."

ಮಂಜುಳಾ ಮೇಡಂ ಪೆನ್ನು ತೆಗೆದು, ಹೇಳಿಕೆ ಬರೆದುಕೊಳ್ಳಬೇಕು, ಕೂತುಕೋ ಎಂದರು. ಕೂತೆ. ಹೆಸರು, ಊರು, ಎಷ್ಟು ವರ್ಷದ ಕೆಲಸ ಎಂದು ಕೇಳುತ್ತಾ ಹೋದರು, ಹೇಳುತ್ತಾ ಹೋದೆ. ಪರಮಣ್ಣ ಬಾಗಿಲ ಕಡೆ ನೋಡುತ್ತಿದ್ದವನು ತಿರುಗಿದ.

"ಮೂರು ಮಂದಿ ಅಂದಿದ್ದಿಯಲ್ಲವ್ವ ಫೋನಿನ್ಯಾಗ. ಇನ್ನಿಬ್ಬರು ಎಲ್ಲಿ?"

ಸಾಲಿನಲ್ಲಿ ಚೀಟಿ ಹಿಡಿದು ನಿಂತಿದ್ದ ಭಾಯಿಯನ್ನು ನೋಡಿದೆ. ಅವನೂ ಅದೇ ಗಳಿಗೆಯಲ್ಲಿ ನನ್ನನ್ನು ನೋಡಿದ. ಅವನ ಕೈ ಜೇಬಿನ ಕೀಲಿಗೆ ಹೋಯಿತು.

ಓಡಿದೆವು. ತುರ್ತು ವಿಭಾಗದ ಬಾಗಿಲಲ್ಲಿ ಗಾಡಿ ನಿಲ್ಲಿಸಬಾರದೆಂದು ವಾಚ್‌ಮನ್ ಹೇಳಿದ್ದರಿಂದ ಭಾಯಿ ಅದನ್ನು ಆವರಣದ ತುದಿಗೆ ಒಯ್ದಿದ್ದ. ಅಲ್ಲಿ ಮರವಿಲ್ಲ, ಗೋಡೆಯ ನೆರಳಿಲ್ಲ. ಗೋಪಮ್ಮ ಇಳಿದು ಹೋದಾಳೆಂದು ರೂಢಿಯಂತೆ ಗಾಜು ಏರಿಸಿ, ಹಿಂದಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಮುಂದಿನದಕ್ಕೆ ಕೀಲಿ ಹಾಕಿ ಬಂದಿದ್ದ. ಚೀಟಿ ಮಾಡಿಸಿ ಐದು ನಿಮಿಷದಲ್ಲಿ ಬರುವವನಿದ್ದ. ಮುಕ್ಕಾಲು ತಾಸು ಕಳೆದಿತ್ತು.

ಚಿಲಕ ಕೈ ಸುಟ್ಟಿತು. ಬಾಗಿಲು ತೆಗೆದಾಗ ಒಳಗಿನ ಕಾವು ಒಲೆಯ ಬಾಯಿಯ ಬಿಸಿಯಂತೆ ಬಡಿಯಿತು. ಗೋಪಮ್ಮ ಸೀಟಿನಿಂದ ಕೆಳಗೆ ಕುಸಿದು, ಬಾಗಿಲ ಪಕ್ಕ ಒರಗಿ ಕೂತಿದ್ದಳು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಭಾಯಿ ಅವಳನ್ನು ಎತ್ತಿ ಎದೆಗೆ ಹಾಕಿಕೊಂಡು ಒಳಗೆ ಓಡಿದ. ಯಾ ಅಲ್ಲಾ, ಯಾ ಅಲ್ಲಾ ಎನ್ನುತ್ತಾ ಅಳುತ್ತಿದ್ದ.

ಉರುಕುಂದಪ್ಪ ನಾವು ಕಟ್ಟಿದ ಟವೆಲಿನಲ್ಲಿ ಜೋತುಬಿದ್ದಿದ್ದ. ಕಣ್ಣು ತೆರೆದಿತ್ತು. ಕೂಗಲು ಅವನಿಗೆ ಬಾಯಿರಲಿಲ್ಲ, ಗಾಜು ಬಡಿಯಲು ಕೈಯಿರಲಿಲ್ಲ. ನನಗಿಂತ ಮೊದಲು ಪರಮಣ್ಣ ಒಳಗೆ ಹತ್ತಿದ. ಟವೆಲ್ ಬಿಚ್ಚಿ, ಮುದುಕನ ಗದ್ದ ಎತ್ತಿ, ತನ್ನ ರುಮಾಲನ್ನು ಬಾಟಲಿ ನೀರಿನಲ್ಲಿ ಅದ್ದಿ ಮುಖ, ಕುತ್ತಿಗೆ, ಎದೆ ಒರೆಸಿದ. ಉಸಿರಿನ ಮುಂದೆ ಬೆರಳು ಹಿಡಿದು ನೋಡಿದ.

"ಜೀವ ಅದ," ಎಂದ. "ಇವನ್ನ ಈ ಕಡಿ ಹೊಳ್ಳಿಸು. ನಾ ಹಿಡೀತೀನಿ."

ಉರುಕುಂದಪ್ಪನ ಮಂಚ ಐದು ವರ್ಷದಿಂದ ನನ್ನದೇ. ಕಲ್ಯಾಣಿಯ ಪಾಲಿನದಲ್ಲ. ಪರಮಣ್ಣ ಅವನನ್ನು ಎದೆಗಾನಿಸಿ ಹಿಡಿದುಕೊಂಡ. ನಾನು ಬೆವರಿಗೆ ಅಂಟಿದ್ದ ಅಂಗಿಯನ್ನು ಹಿಂದಿನಿಂದ ಮೆಲ್ಲಗೆ ಎತ್ತಿ ನೋಡಿದೆ.

ಅಲ್ಲೂ ಗಾಯ ಇತ್ತು.